ಹಾಡಿನ ಕಪಾಟು, ಅಳಿಸಿಹೋಗುವ ಹೆಸರುಗಳು

ಕಂಪ್ಯೂಟರಿನಲ್ಲಿ ಹಾಡು ಕೇಳುವವರಲ್ಲಿ ಎರಡು ಬಗೆ. ಫೈಲುಗಳನ್ನು ಎಲ್ಲೆಂದರಲ್ಲಿ ಸುರಿದುಕೊಂಡು, ಬೇಕೆನಿಸಿದಾಗ ಬೇಕಾದದ್ದನ್ನು ಹುಡುಕಿ ಒತ್ತುವವರು ಒಂದು ಬಗೆ. ಗಾಯಕ, ಚಿತ್ರ, ವರ್ಷ ಎಂದು ವಿಂಗಡಿಸಿ, ಗ್ರಂಥಾಲಯದ ಪುಸ್ತಕಗಳಂತೆ ಸಾಲಾಗಿ ಜೋಡಿಸಿಟ್ಟುಕೊಳ್ಳುವವರು ಇನ್ನೊಂದು ಬಗೆ. ಈ ಎರಡನೆಯವರ ಕೈಯಲ್ಲಿರುವ ಸಣ್ಣಪುಟ್ಟ ಸಲಕರಣೆಗಳ ಬಗ್ಗೆ ನಾವಿಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಪ್ಲೇಯರಿನ ಜೊತೆಗೆ ಅಂಟಿಕೊಂಡು ಕೆಲಸ ಮಾಡುವ ಇವುಗಳನ್ನು ಪ್ಲಗ್-ಇನ್, ಆಡ್-ಆನ್, ಸ್ಕ್ರಿಪ್ಟ್, ಟ್ಯಾಗರ್ ಎಂದು ನಾನಾ ಹೆಸರಿನಿಂದ ಕರೆಯುತ್ತಾರೆ. ಸಂಸ್ಕೃತಿ, ಸಮಾಜ ಎಂದು ಮಾತನಾಡುವ ಪತ್ರಿಕೆಯಲ್ಲಿ ಈ ಯಂತ್ರದ ಬಿಡಿಭಾಗಗಳಿಗೆ ಏನು ಕೆಲಸ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಒಂದು ಹಾಡಿನ ಕೆಳಗೆ ಯಾರ ಹೆಸರಿರಬೇಕು, ಯಾರದು ಬಿಟ್ಟುಹೋದರೂ ನಡೆಯುತ್ತದೆ ಎಂಬುದನ್ನು ನಮಗರಿವಿಲ್ಲದೆ ತೀರ್ಮಾನಿಸುತ್ತಾ ಬಂದಿರುವುದು ಈ ಬಿಡಿಭಾಗಗಳೇ.

ಉದಾಹರಣೆಗೆ ಐಟ್ಯೂನ್ಸ್ ತೆಗೆದುಕೊಳ್ಳೋಣ. ಸೌಂಡ್‌ಜಾಮ್ ಎಂಬ ಪ್ಲೇಯರನ್ನು ಕೊಂಡುಕೊಂಡ ಆಪಲ್ ಕಂಪನಿ ಅದನ್ನೇ ತಿದ್ದಿ ತೀಡಿ 2001ರ ಜನವರಿಯಲ್ಲಿ ಐಟ್ಯೂನ್ಸ್ ಎಂದು ಬಿಡುಗಡೆ ಮಾಡಿತು. 2003ರ ಅಕ್ಟೋಬರಿನಲ್ಲಿ ಅದು ವಿಂಡೋಸ್‌ಗೂ ಬಂತು. ಅದಕ್ಕೆ ಮೊದಲು ನಮ್ಮ ಕಡೆಯ ಸೈಬರ್ ಕೆಫೆ, ಕಾಲೇಜು ಹಾಸ್ಟೆಲುಗಳಲ್ಲಿ ವಿನಾಂಪ್‌ನದೇ ರಾಜ್ಯಭಾರ. ವಿನಾಂಪ್ ಮೂಲತಃ ಹಾಡನ್ನು ನುಡಿಸುವ ಪೆಟ್ಟಿಗೆ. ಐಟ್ಯೂನ್ಸ್ ಹಾಡನ್ನು ಲೆಕ್ಕದ ಪುಸ್ತಕದಲ್ಲಿ ದಾಖಲಿಸಿಕೊಳ್ಳುವ ಕಪಾಟು. ಎಷ್ಟು ಸಲ ಕೇಳಿದಿರಿ, ಎಷ್ಟು ನಕ್ಷತ್ರ ಕೊಟ್ಟಿರಿ, ಯಾವಾಗ ಸೇರಿಸಿದಿರಿ ಎಲ್ಲಕ್ಕೂ ಒಂದೊಂದು ಕಾಲಂ. 2002ರಲ್ಲಿ ಬಂದ 'ಸ್ಮಾರ್ಟ್ ಪ್ಲೇಲಿಸ್ಟ್' ಈ ಕಾಲಂಗಳನ್ನು ನೋಡಿ ತಾನೇ ಪಟ್ಟಿ ಮಾಡಿಕೊಡತೊಡಗಿತು. ಪಟ್ಟಿ ಸರಿಯಾಗಬೇಕಾದರೆ ಕಾಲಂ ಸರಿಯಾಗಿರಬೇಕಲ್ಲ? ಅಲ್ಲಿಂದ ಶುರುವಾಯಿತು ನೋಡಿ ಪೂರಕ ತಂತ್ರಾಂಶಗಳ ಸಂತೆ.

ಆ ಸಂತೆಯಲ್ಲಿ ಡಗ್ ಆಡಮ್ಸ್ ಎಂಬವರ ಅಂಗಡಿಗೆ ಒಂದು ಗೌರವದ ಸ್ಥಾನವಿದೆ. ಮ್ಯಾಕ್ ಯಂತ್ರದ ಆಪಲ್‌ಸ್ಕ್ರಿಪ್ಟ್ ಬಳಸಿ ಐಟ್ಯೂನ್ಸ್‌ಗೆಂದೇ ಅವರು ನೂರಾರು ಪುಟ್ಟ ಸ್ಕ್ರಿಪ್ಟ್‌ಗಳನ್ನು ಬರೆದರು. ಹಾಡಿನ ಹೆಸರಿನ ಮುಂದಿನಿಂದಲೋ ಹಿಂದಿನಿಂದಲೋ ಇಂತಿಷ್ಟು ಅಕ್ಷರ ಕತ್ತರಿಸುವುದಕ್ಕೆ ಒಂದು, ಫೈಲೇ ಕಾಣೆಯಾಗಿ ಪಟ್ಟಿಯಲ್ಲಿ ಹೆಸರು ಮಾತ್ರ ಉಳಿದಿರುವ 'ಸತ್ತ' ಹಾಡುಗಳನ್ನು ಗುಡಿಸುವುದಕ್ಕೆ ಇನ್ನೊಂದು, ಇಂಗ್ಲಿಷ್ ಶೀರ್ಷಿಕೆಯಲ್ಲಿ ಯಾವ ಅಕ್ಷರ ದೊಡ್ಡದಿರಬೇಕೆಂದು ತಿದ್ದುವುದಕ್ಕೆ ಮತ್ತೊಂದು. ಒಂದೊಂದೂ ಒಂದೇ ಕೆಲಸ ಮಾಡುತ್ತದೆ, ನೀವು ಹೇಳಿದಾಗ ಮಾತ್ರ ಮಾಡುತ್ತದೆ. ಮನೆಯಲ್ಲಿ ಸುತ್ತಿಗೆ, ಇಕ್ಕಳ, ಸ್ಕ್ರೂಡ್ರೈವರ್ ಇದ್ದ ಹಾಗೆ. ಈ ಗುಣವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಕೆಲಸಕ್ಕೆ ಬರುತ್ತದೆ.

ಈ ಸಲಕರಣೆಗಳೆಲ್ಲ ಮುಟ್ಟಿ ತಿದ್ದುವುದು ಫೈಲಿನೊಳಗೆ ಅಂಟಿಸಿದ ಒಂದು ಚೀಟಿಯನ್ನು. ಎಂಪಿ3 ಫೈಲಿಗೆ ಹುಟ್ಟಿನಿಂದ ಬಂದ ಹೆಸರಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬವರು ಫೈಲಿನ ಬಾಲಕ್ಕೆ 128 ಬೈಟ್‌ಗಳ ಚೀಟಿಯೊಂದನ್ನು ಅಂಟಿಸುವ ಉಪಾಯ ಹೂಡಿದರು. ಅದೇ ಐಡಿ3 ಟ್ಯಾಗ್. ಹಾಡಿನ ಹೆಸರಿಗೆ 30 ಅಕ್ಷರ, ಕಲಾವಿದನಿಗೆ 30, ಆಲ್ಬಂಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ ಒಂದೇ ಒಂದು ಬೈಟ್. ಇಂಗ್ಲಿಷ್ ಲಿಪಿಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ ಇಬ್ಬರ ಹೆಸರನ್ನೂ ಚುಕ್ಕೆ, ಅಲ್ಪವಿರಾಮ, ಖಾಲಿ ಜಾಗ ಸಮೇತ ಬರೆದು ನೋಡಿ. 33 ಆಗುತ್ತದೆ. ಕೊನೆಯ ಮೂರು ಅಕ್ಷರ ಕತ್ತರಿಸಿಹೋಗಿ ನಮ್ಮ ಜಾನಕಿಯಮ್ಮ 'ಎಸ್. ಜಾನ್' ಆಗಿಬಿಡುತ್ತಾರೆ! ಮೂರಕ್ಷರದ ಬ್ಯಾಂಡುಗಳ ನಾಡಿನಲ್ಲಿ ಹುಟ್ಟಿದ ಚೀಟಿಗೆ ದಕ್ಷಿಣ ಭಾರತದ ಯುಗಳಗೀತೆಯ ಅಂದಾಜಿರಲಿಲ್ಲ. 1998ರಲ್ಲಿ ಬಂದ ಐಡಿ3ಯ ಎರಡನೇ ಆವೃತ್ತಿ ಈ ಇಕ್ಕಟ್ಟನ್ನು ಬಿಡಿಸಿತು. ಉದ್ದದ ಮಿತಿ ಹೋಯಿತು, ಯೂನಿಕೋಡ್ ಬಂತು, ಕಾಲಂಗಳೂ ಹೆಚ್ಚಿದವು.

ಪ್ರಕಾರಕ್ಕೆ ಇಟ್ಟ ಒಂದು ಬೈಟಿನ ಕಥೆ ಇನ್ನೂ ಸ್ವಾರಸ್ಯದ್ದು. ಮೊದಲ ಪಟ್ಟಿಯಲ್ಲಿ 80 ಪ್ರಕಾರಗಳಿದ್ದವು, ಒಂದೊಂದಕ್ಕೂ ಒಂದು ಸಂಖ್ಯೆ. ಡೆತ್ ಮೆಟಲ್‌ಗೆ 22. ತಮಾಷೆಯ ಕೀಟಲೆಗಳಿಗೆ 23. ಗದ್ದಲಕ್ಕೆ, ಹೌದು, ಬರಿಯ ಗದ್ದಲಕ್ಕೇ 39. ಕ್ರಿಶ್ಚಿಯನ್ ರ‍್ಯಾಪ್‌ಗೆ 61. ಪೋಲೆಂಡಿನ ಹೆಸರು ಹೊತ್ತಿದ್ದರೂ ಬೊಹೀಮಿಯಾದಲ್ಲಿ ಹುಟ್ಟಿದ ಪೋಲ್ಕಾ ಕುಣಿತಕ್ಕೆ 75. ಹಿಂದೂಸ್ತಾನಿ ಇಲ್ಲ, ಕರ್ನಾಟಕ ಸಂಗೀತ ಇಲ್ಲ, ಕವ್ವಾಲಿ ಇಲ್ಲ, ಗಜಲ್ ಇಲ್ಲ, ಅರಬ್ಬರ ಮಕಾಮ್ ಇಲ್ಲ. ಇವರೆಲ್ಲ ಎಲ್ಲಿ ಕೂರಬೇಕು? 48ನೇ ಸಂಖ್ಯೆಯ 'ಎಥ್ನಿಕ್' ಎಂಬ ಚಾಪೆಯ ಮೇಲೆ, ಇಲ್ಲವೇ 12ನೇ ಸಂಖ್ಯೆಯ 'ಇತರೆ' ಎಂಬ ಜಗಲಿಯಲ್ಲಿ. ವಿನಾಂಪ್‌ನವರು ಆಮೇಲೆ ಪಟ್ಟಿಯನ್ನು ಬೆಳೆಸಿದಾಗಲೂ ಟ್ಯಾಂಗೊ, ಸಾಂಬಾಗಳಿಗೆ ಕುರ್ಚಿ ಸಿಕ್ಕಿತೇ ಹೊರತು ನಮ್ಮ ಕಡೆಯವರಿಗಲ್ಲ. ಇದರಲ್ಲಿ ಯಾರದೋ ದ್ವೇಷವಿದೆಯೆಂದು ನಾವು ಹೇಳುವುದಿಲ್ಲ. ತಮ್ಮ ಮನೆಯ ಕಪಾಟಿನಲ್ಲಿ ಇದ್ದದ್ದನ್ನು ಎಣಿಸಿ ಲೋಕದ ಲೆಕ್ಕವೆಂದು ಬರೆದರು, ಅಷ್ಟೆ. ಆದರೆ ಆ ಲೆಕ್ಕ ನಮ್ಮ ಮನೆಯ ಕಪಾಟಿಗೂ ಬಂದು ಕುಳಿತಿತು.

ಈಗ ರಫಿ ಸಾಹೇಬರ ವಿಷಯಕ್ಕೆ ಬರೋಣ. ಹಳೆಯ ಹಿಂದಿ ಹಾಡುಗಳ ಯಾವ ಸಂಗ್ರಹವನ್ನಾದರೂ ಪ್ಲೇಯರಿಗೆ ಹಾಕಿ ಕಲಾವಿದರ ಪಟ್ಟಿ ನೋಡಿ, ಕನಿಷ್ಠ ಮೂವರು ರಫಿಗಳು ಎದ್ದು ಬರುತ್ತಾರೆ. ಒಬ್ಬರು ಮೊಹಮ್ಮದ್ ರಫಿ, ಇನ್ನೊಬ್ಬರು ಮೊಹಮ್ಮೆದ್ ರಫಿ, ಮೂರನೆಯವರ ಹೆಸರಿನ ಮೊದಲ ಭಾಗ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಒಂದು ಚುಕ್ಕೆಗೆ ಇಳಿದಿರುತ್ತದೆ. ಲತಾ ಜೊತೆಗೆ ಹಾಡಿದ ರಫಿ ಬೇರೆಯೇ ವ್ಯಕ್ತಿ, ಆಶಾ ಜೊತೆಗೆ ಹಾಡಿದವರು ಇನ್ನೊಬ್ಬ ವ್ಯಕ್ತಿ. ಯಾಕೆಂದರೆ 'ಲತಾ ಮಂಗೇಶ್ಕರ್, ಮೊಹಮ್ಮದ್ ರಫಿ' ಎಂಬ ಸಾಲನ್ನು ಐಟ್ಯೂನ್ಸ್ ಇಬ್ಬರ ಹೆಸರೆಂದು ಓದುವುದಿಲ್ಲ, ಅಷ್ಟುದ್ದದ ಹೆಸರಿನ ಒಬ್ಬ ಕಲಾವಿದ ಎಂದುಕೊಳ್ಳುತ್ತದೆ. ಒಂದೇ ಹೆಸರನ್ನು ಕಚೇರಿಯ ಗುಮಾಸ್ತರು ರೇಷನ್ ಕಾರ್ಡಿನಲ್ಲಿ ಒಂದು ಬಗೆಯಾಗಿ, ಶಾಲೆಯ ಟೀಸಿಯಲ್ಲಿ ಇನ್ನೊಂದು ಬಗೆಯಾಗಿ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಬಗೆಯಾಗಿ ಬರೆದು ಆ ಮೂರೂ ಒಬ್ಬರದೇ ಎಂದು ಅಫಿಡವಿಟ್ ಮಾಡಿಸಿದ ಅನುಭವ ನಮ್ಮ ಓದುಗರಲ್ಲಿ ಬಹಳ ಜನಕ್ಕಿದೆ. ರಫಿಯವರಿಗೂ ಆ ಕಷ್ಟ ತಪ್ಪಲಿಲ್ಲ. ಈಜಿಪ್ಟಿನ ಉಮ್ಮು ಕುಲ್ಸೂಮ್ ಅವರ ಹೆಸರಿಗಂತೂ ಫ್ರೆಂಚ್ ಕಾಗುಣಿತ, ಇಂಗ್ಲಿಷ್ ಕಾಗುಣಿತ ಎಂದು ಎಷ್ಟು ರೂಪಗಳಿವೆಯೋ ಅಷ್ಟು ಜನ ಗಾಯಕಿಯರು ಕಪಾಟಿನಲ್ಲಿ ಸಾಲಾಗಿ ನಿಲ್ಲುತ್ತಾರೆ.

ಇದು ಬರಿಯ ಅಚ್ಚುಕಟ್ಟುತನದ ಪ್ರಶ್ನೆಯಲ್ಲ. 1967ರ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ಸತ್ಯಂ ಸಂಗೀತದಲ್ಲಿ ರಫಿ ಒಂದು ಕನ್ನಡ ಹಾಡು ಹಾಡಿದ್ದಾರೆ. ಸಾವಿರಾರು ಹಿಂದಿ ಹಾಡುಗಳ ನಡುವೆ ಆ ಒಂದು ಕನ್ನಡದ ಹಾಡು ರಫಿಯ ಹೆಸರಿನಡಿಯಲ್ಲೇ ಸಿಗಬೇಕಾದರೆ ಎಲ್ಲ ರಫಿಗಳೂ ಒಬ್ಬರಾಗಬೇಕು. ಕಾಗುಣಿತ ಕೂಡದಿದ್ದರೆ ಅದು ನಾಲ್ಕನೇ ರಫಿಯಾಗಿ ಮೂಲೆ ಸೇರುತ್ತದೆ.

ರಫಿಗೆ ಕಾಲಂ ಆದರೂ ಇದೆ, ಹಾಡು ಬರೆದವನಿಗೆ ಅದೂ ಇಲ್ಲ. ಐಟ್ಯೂನ್ಸ್ ತೋರಿಸುವ ಕಾಲಂಗಳಲ್ಲಿ ಕಲಾವಿದ ಇದ್ದಾನೆ, ಸಂಯೋಜಕ ಇದ್ದಾನೆ, ಆಲ್ಬಂ ಕಲಾವಿದ ಎಂದು ಇನ್ನೊಬ್ಬನಿದ್ದಾನೆ, ನಿಮಿಷಕ್ಕೆ ತಾಳದ ಎಷ್ಟು ಪೆಟ್ಟು ಎನ್ನುವುದಕ್ಕೂ ಜಾಗವಿದೆ. ಕವಿ ಇಲ್ಲ. ವಿಚಿತ್ರವೆಂದರೆ ಐಡಿ3ಯ ಎರಡನೇ ಆವೃತ್ತಿಯಲ್ಲಿ ಗೀತರಚನೆಕಾರನಿಗೆಂದೇ ಒಂದು ಕಾಲಂ ಇಟ್ಟಿದ್ದಾರೆ. ಫೈಲಿನೊಳಗೆ ಜಾಗವಿದೆ, ಅಂಗಡಿಯ ಗಾಜಿನ ಕಪಾಟಿನಲ್ಲಿ ಇಲ್ಲ! 'ಬೈಜು ಬಾವ್ರಾ' (1952) ಚಿತ್ರದ ಮಾಲಕೌಂಸ್ ರಾಗದ ಆ ಭಜನೆಯನ್ನೇ ನೆನೆಸಿಕೊಳ್ಳಿ. ಬರೆದವರು ಶಕೀಲ್ ಬದಾಯೂನಿ, ರಾಗ ಹಾಕಿದವರು ನೌಶಾದ್, ಹಾಡಿದವರು ರಫಿ. ಈ ಮೂವರು ಮುಸಲ್ಮಾನರು ಕೂಡಿ ಹರಿಯನ್ನು ಕರೆದ ಹಾಡೆಂದು ಭಾಷಣಗಳಲ್ಲಿ ಎಷ್ಟೋ ಸಲ ಉದಾಹರಿಸಿದ್ದೇವೆ. ಆ ಉದಾಹರಣೆ ನಿಂತಿರುವುದೇ ಮೂರು ಹೆಸರುಗಳ ಮೇಲೆ. ಕಪಾಟಿನಲ್ಲಿ ಉಳಿಯುವುದು ಒಂದು, ಹೆಚ್ಚೆಂದರೆ ಎರಡು.

ಕನ್ನಡದ ಭಾವಗೀತೆಗಳಿಗೆ ಇದು ಇನ್ನೂ ದೊಡ್ಡ ಪೆಟ್ಟು. ಕೆ.ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಬಂತು. ಮೈಸೂರು ಅನಂತಸ್ವಾಮಿ ಅದಕ್ಕೆ ರಾಗ ಹಾಕಿದರು, ಮನೆಮನೆಗೆ ಮುಟ್ಟಿತು. ಸುಗಮ ಸಂಗೀತ ಎಂಬ ನಮ್ಮ ಪದ್ಧತಿಯಲ್ಲಿ ಕವಿಯೇ ಯಜಮಾನ. ವೇದಿಕೆಯ ಮೇಲೆ ಗಾಯಕರು ಮೊದಲು ಕವಿಯ ಹೆಸರು ಹೇಳಿ ಆಮೇಲೆ ಶ್ರುತಿ ಹಿಡಿಯುತ್ತಾರೆ. ಕ್ಯಾಸೆಟ್ಟಿನ ಹೊದಿಕೆಯಲ್ಲಿ ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ, ನಿಸಾರ್ ಎಂದು ಹಾಡಿನ ಎದುರಿಗೆ ಹೆಸರು ಇರುತ್ತಿತ್ತು. ಅದೇ ಹಾಡು ಎಂಪಿ3 ಆಗಿ, ರಸ್ತೆ ಬದಿಯ ನೂರು ಹಾಡುಗಳ ಸಿಡಿಯಾಗಿ ಬಂದಾಗ ಹೊದಿಕೆ ಕಳಚಿತು. ಅನೇಕ ಫೈಲುಗಳಲ್ಲಿ ಕಲಾವಿದನ ಕಾಲಂನಲ್ಲಿ ಕಾಣುವುದೇನು ಗೊತ್ತೆ? ಹಾಡನ್ನು ಕದ್ದು ಹಂಚಿದ ಜಾಲತಾಣದ ಹೆಸರು. ಕವಿ ಇರಬೇಕಾದ ಕಡೆ ಕಳ್ಳ ರುಜು ಹಾಕಿ ಹೋಗಿದ್ದಾನೆ.

ಹೆಸರಿನ ಈ ಜಗಳ ಕಂಪ್ಯೂಟರಿನಿಂದ ಶುರುವಾದದ್ದಲ್ಲ ಎಂಬುದನ್ನೂ ಹೇಳಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ, ಹಾಡು ಮುಗಿದ ಕೂಡಲೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಕೂಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆಗೆ ಯಾವ ಚೀಟಿ ಅಂಟಿಸಬೇಕೆಂದು ತಿಳಿಯಲಿ ಎಂಬ ಏರ್ಪಾಡು ಅದು. ಐಡಿ3 ಹುಟ್ಟುವುದಕ್ಕೆ 94 ವರ್ಷ ಮೊದಲು ಒಬ್ಬ ಹೆಂಗಸು ತನ್ನ ಟ್ಯಾಗನ್ನು ಹಾಡಿನ ಒಳಗೇ ಇಟ್ಟಿದ್ದಳು. 1949ರ 'ಮಹಲ್' ಚಿತ್ರದ ಪ್ರಸಿದ್ಧ ಹಾಡಿನ ತಟ್ಟೆ ಬಂದಾಗ ಅದರ ಮೇಲೆ ಗಾಯಕಿ ಎಂದು ಅಚ್ಚಾದ ಹೆಸರು 'ಕಾಮಿನಿ'. ಅದು ಮಧುಬಾಲಾ ಮಾಡಿದ ಪಾತ್ರದ ಹೆಸರು. ಹಾಡಿದ ಲತಾ ತಟ್ಟೆಯ ಮೇಲೆ ಇರಲೇ ಇಲ್ಲ. ನಮ್ಮ ಹಳೆಯ ಕವಿಗಳಿಗೆ ಲಿಪಿಕಾರರ ಮೇಲೂ ಹಾಡುಗಾರರ ಮೇಲೂ ಪೂರ್ತಿ ಭರವಸೆ ಇರಲಿಲ್ಲವೆಂದು ತೋರುತ್ತದೆ. ಗಜಲಿನ ಕೊನೆಯ ದ್ವಿಪದಿಯಲ್ಲಿ ತಖಲ್ಲುಸ್, ದಾಸರ ಪದದ ಕೊನೆಯಲ್ಲಿ ಅಂಕಿತ, ಶರೀಫ ಸಾಹೇಬರ ತತ್ವಪದದ ಕೊನೆಗೆ ಶಿಶುನಾಳಧೀಶ. ಯಾವ ತಂತ್ರಾಂಶಕ್ಕೂ ಈ ಚೀಟಿಯನ್ನು ಕೀಳಲು ಬರುವುದಿಲ್ಲ. ಕಿತ್ತರೆ ಛಂದಸ್ಸೇ ಕೆಡುತ್ತದೆ.

ಹಾಗಾದರೆ ಕಂಪ್ಯೂಟರಿಗೆ ಹೆಸರುಗಳು ಎಲ್ಲಿಂದ ಬಂದವು? ಇಲ್ಲಿ ಒಂದು ಅನ್ಯಾಯದ ಕಥೆಯಿದೆ. ಸಾಮಾನ್ಯ ಆಡಿಯೋ ಸಿಡಿಯಲ್ಲಿ ಹಾಡಿನ ಹೆಸರು ಇರುವುದಿಲ್ಲ. 1990ರ ದಶಕದಲ್ಲಿ ಟಿ ಕಾನ್ ಮತ್ತು ಸ್ಟೀವ್ ಶೆರ್ಫ್ ಎಂಬಿಬ್ಬರು ಸಿಡಿಡಿಬಿ ಎಂಬ ಭಂಡಾರ ಕಟ್ಟಿದರು. ಸಿಡಿಯಲ್ಲಿ ಎಷ್ಟು ಹಾಡಿವೆ, ಒಂದೊಂದೂ ಎಷ್ಟು ಉದ್ದ ಎಂಬುದರಿಂದ ಅದನ್ನು ಗುರುತು ಹಿಡಿಯುವುದು. ಗುರುತು ಸಿಗದಿದ್ದರೆ ಆ ಸಿಡಿಯ ಒಡೆಯನೇ ಹೆಸರುಗಳನ್ನು ಟೈಪ್ ಮಾಡಿ ಕಳಿಸುವುದು. ಮುಂದಿನವನಿಗೆ ಸಲೀಸಾಗಲಿ ಎಂದು ಲೋಕದ ಅಸಂಖ್ಯ ಜನ ಬಿಟ್ಟಿಯಾಗಿ ಕೂತು ಟೈಪ್ ಮಾಡಿದರು. 1998ರಲ್ಲಿ ಈ ಭಂಡಾರ ಒಂದು ಕಂಪನಿಗೆ ಮಾರಾಟವಾಯಿತು. 2000ದಲ್ಲಿ ಗ್ರೇಸ್‌ನೋಟ್ ಎಂದು ಹೆಸರಾಯಿತು, ಪರವಾನಗಿಯಿಲ್ಲದ ಪ್ಲೇಯರುಗಳಿಗೆ ಬಾಗಿಲು ಮುಚ್ಚಿತು. 2008ರಲ್ಲಿ ಸೋನಿ ಅದನ್ನು ಸುಮಾರು 26 ಕೋಟಿ ಡಾಲರಿಗೆ ಕೊಂಡಿತು. ಟೈಪ್ ಮಾಡಿದವರಿಗೆ ಸಿಕ್ಕಿದ್ದು ಬೆರಳು ನೋವು. ಊರವರು ಕೈಯಾರೆ ತೋಡಿದ ಬಾವಿಗೆ ಯಾರೋ ಕಟ್ಟೆ ಕಟ್ಟಿ ಕೊಡಕ್ಕಿಷ್ಟು ಎಂದು ವಸೂಲಿಗೆ ಕೂತ ಹಾಗಾಯಿತು.

ಐಟ್ಯೂನ್ಸ್ ಸಿಡಿಯ ಹೆಸರುಗಳನ್ನು ತರುತ್ತಿದ್ದದ್ದು ಈ ಗ್ರೇಸ್‌ನೋಟಿನಿಂದಲೇ. 2008ರ ಸುಮಾರಿಗೆ ಹೆಸರು ಮಾಡಿದ ಟ್ಯೂನ್‌ಅಪ್ ಎಂಬ ಪೂರಕ ತಂತ್ರಾಂಶ ನೆಚ್ಚಿಕೊಂಡಿದ್ದದ್ದೂ ಅದನ್ನೇ. ಅದು ಐಟ್ಯೂನ್ಸಿನ ಪಕ್ಕದಲ್ಲಿ ಕಿಟಕಿ ತೆರೆದು ಕೂರುತ್ತಿತ್ತು. ಹಾಡುಗಳನ್ನು ಎಳೆದು ಅದರೊಳಗೆ ಹಾಕಿದರೆ ದನಿಯ ಬೆರಳಚ್ಚು ತೆಗೆದು, ಭಂಡಾರದಲ್ಲಿ ಹೋಲಿಸಿ, ಹೆಸರು ತಿದ್ದಿ, ಮುಖಪುಟದ ಚಿತ್ರವನ್ನೂ ಅಂಟಿಸಿ ಕೊಡುತ್ತಿತ್ತು. ಅಮೆರಿಕದ ರಾಕ್ ಸಂಗೀತದ ಕಪಾಟಿಗೆ ಇದು ಹೇಳಿ ಮಾಡಿಸಿದ ಸಾಧನ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಂಥ 'ಒಂದೇ ಗುಂಡಿ' ಸಲಕರಣೆಗಳ ತರ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇವುಗಳ ಪ್ರಕಾರ ಹಾಡೆಂದರೆ ಒಬ್ಬ ಕಲಾವಿದ, ಒಂದು ಆಲ್ಬಂ, ಒಂದು ವರ್ಷ. ಹಿಂದಿ ಹಾಡೊಂದು ಮೂಲ ಚಿತ್ರದಲ್ಲಿ ಇರುತ್ತದೆ, ಗಾಯಕನ 'ಸವಿ ನೆನಪು'ಗಳ ಸಂಕಲನದಲ್ಲಿ ಇರುತ್ತದೆ, ಮಳೆಗಾಲದ ಹಾಡುಗಳ ಸಂಕಲನದಲ್ಲೂ ಇರುತ್ತದೆ. ಭಂಡಾರದಲ್ಲಿ ಯಾವುದು ಮೊದಲು ಕೈಗೆ ಸಿಕ್ಕಿತೋ ಅದರ ಹೆಸರು, ಅದರ ವರ್ಷ ಅಂಟುತ್ತದೆ. 1952ರ ಹಾಡು 1998ರದಾಗುತ್ತದೆ. ಚಿತ್ರದ ಹೆಸರು ಹೋಗಿ ಸಂಕಲನದ ಹೆಸರು ಬರುತ್ತದೆ. ಆಲ್ಬಂ ಕಲಾವಿದನ ಜಾಗದಲ್ಲಿ 'ವಿವಿಧ ಕಲಾವಿದರು'. ಕಪಾಟು ಥಳಥಳ ಹೊಳೆಯುತ್ತದೆ, ಚರಿತ್ರೆ ಮಾತ್ರ ತೊಳೆದುಹೋಗಿರುತ್ತದೆ. ಮೊದಲು ಒಡೆಯನೇ ಬರೆದುಕೊಂಡಿದ್ದ ಸರಿಯಾದ ಹೆಸರಿನ ಮೇಲೆ ಹೊಸ ಹೆಸರು ಬರೆದರೆ ಹಳೆಯದು ಫೈಲಿನಲ್ಲಿ ಎಲ್ಲೂ ಉಳಿಯುವುದಿಲ್ಲ.

ಇದಕ್ಕಿಂತ ಅಪಾಯದ ಸಲಕರಣೆ ನಕಲು ಪತ್ತೆ ಮಾಡುವಂಥದ್ದು. ಜಾಗ ಉಳಿಸುವುದು ಒಳ್ಳೆಯದೇ. ಆದರೆ ಯಾವುದು ನಕಲು? ಹೆಸರು ಮತ್ತು ಕಲಾವಿದ ಎರಡೂ ಒಂದೇ ಆದರೆ ನಕಲು ಎಂಬುದು ಐಟ್ಯೂನ್ಸಿನ ಸಾದಾ ಲೆಕ್ಕ. ಆಲ್ಬಂ ಕೂಡ ಹೊಂದಬೇಕೆಂದರೆ ಬೇರೆಯಾಗಿ ಕೇಳಬೇಕು. ಪಾಪ್ ಹಾಡಿಗೆ ಈ ಲೆಕ್ಕ ಸರಿ, ಒಮ್ಮೆ ಸ್ಟುಡಿಯೋದಲ್ಲಿ ಮುದ್ರಿಸಿದರೆ ಅದು ಅದೇ. ಭೀಮಸೇನ ಜೋಶಿಯವರ ಯಮನ್ ರಾಗದ ಎರಡು ಕಛೇರಿಗಳು ನಿಮ್ಮಲ್ಲಿದ್ದರೆ? ಎರಡಕ್ಕೂ ಹೆಸರು 'ಯಮನ್', ಕಲಾವಿದ ಭೀಮಸೇನ ಜೋಶಿ. ಖಯಾಲ್ ಹಾಡುವವರು ಒಂದೇ ರಾಗವನ್ನು ಎರಡು ದಿನ ಒಂದೇ ರೀತಿ ಹಾಡುವುದಿಲ್ಲ, ಅದಕ್ಕಾಗಿಯೇ ರಸಿಕರು ಎರಡನ್ನೂ ಜೋಪಾನ ಮಾಡಿರುತ್ತಾರೆ. ಖಾರಿ ಅಬ್ದುಲ್ ಬಾಸಿತ್ ಅವರ ಕುರ್‌ಆನ್ ಪಾರಾಯಣವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡ ಮನೆಗಳು ನಮ್ಮಲ್ಲಿ ಬಹಳ. ಅವರು ಮುರತ್ತಲ್ ಶೈಲಿಯಲ್ಲೂ ಓದಿದ್ದಾರೆ, ನಿಧಾನದ, ದೀರ್ಘ ಉಸಿರಿನ ಮುಜವ್ವದ್ ಶೈಲಿಯಲ್ಲೂ ಓದಿದ್ದಾರೆ. ಅಧ್ಯಾಯ ಅದೇ, ಓದಿದವರು ಅವರೇ. ತಂತ್ರಾಂಶದ ಕಣ್ಣಿಗೆ ಒಂದು ಹೆಚ್ಚುವರಿ. ಡಗ್ ಆಡಮ್ಸ್ ಅವರ 'ಡೂಪಿನ್' ಈ ಸಾಲಿನಲ್ಲಿ ಸ್ವಲ್ಪ ವಿವೇಕದ್ದು. ಯಾವ ಯಾವ ಕಾಲಂ ಹೋಲಿಸಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಒಡೆಯನನ್ನೇ ಕೇಳುತ್ತದೆ. ಹಾಡಿನ ಉದ್ದವನ್ನೂ ಹೋಲಿಸಿ ಎಂದು ಹೇಳಿದರೆ ಎರಡು ಯಮನ್‌ಗಳೂ ಬದುಕಿಕೊಳ್ಳುತ್ತವೆ.

ಪಾರಾಯಣದ ಮಾತು ಬಂದದ್ದರಿಂದ ಇನ್ನೊಂದನ್ನು ಸೇರಿಸಿಬಿಡೋಣ. ಕಪಾಟಿಗೆ ಹಾಕಿದ್ದೆಲ್ಲ ಈ ಪ್ಲೇಯರುಗಳಿಗೆ 'ಹಾಡು'. 114 ಅಧ್ಯಾಯಗಳೂ ಅದರ ಲೆಕ್ಕದಲ್ಲಿ 114 ಹಾಡುಗಳು. ಇಂಗ್ಲಿಷ್ ಅಕ್ಷರಮಾಲೆಯಂತೆ ಜೋಡಿಸಿದರೆ 'ಅಲ್' ಎಂದು ಶುರುವಾಗುವ ಅಧ್ಯಾಯಗಳೆಲ್ಲ ಒಂದೆಡೆ ಗುಂಪುಗೂಡಿ ಕ್ರಮ ಕೆಡುತ್ತದೆ. ಟ್ರ್ಯಾಕ್ ಸಂಖ್ಯೆಯ ಕಾಲಂ ತುಂಬಿದರೆ ಮಾತ್ರ ಸರಿಹೋಗುತ್ತದೆ. ಷಫಲ್ ಗುಂಡಿ ಒತ್ತಿದಾಗ ಸಿನಿಮಾ ಹಾಡಿನ ಬೆನ್ನಿಗೆ ಪಾರಾಯಣ ಬಂದು ಮನೆಯ ಹಿರಿಯರು ಬೇಸರಪಡುವುದೂ ಉಂಟು. ಐಟ್ಯೂನ್ಸಿನಲ್ಲಿ 'ಷಫಲ್ ಮಾಡುವಾಗ ಬಿಟ್ಟುಬಿಡು' ಎಂಬ ಚೌಕ ಇದೆ. ಓದುವ ಪುಸ್ತಕದ ಆಡಿಯೋಗಳಿಗೂ ಇದು ಅನುಕೂಲವೇ. ಅದನ್ನು ಒಂದೊಂದಾಗಿ ಟಿಕ್ ಮಾಡಬೇಕಿಲ್ಲ, ಎಲ್ಲವನ್ನೂ ಆರಿಸಿಕೊಂಡು ಒಟ್ಟಿಗೇ ಮಾಡಬಹುದು.

ಒಳ್ಳೆಯ ಸಲಕರಣೆಗಳೂ ಇವೆ, ಅವುಗಳನ್ನು ಮೆಚ್ಚದಿದ್ದರೆ ವಿಮರ್ಶೆ ಅನ್ನಿಸುವುದಿಲ್ಲ. ಜರ್ಮನಿಯ ಫ್ಲೋರಿಯನ್ ಹೈಡನ್‌ರೈಕ್ ಬರೆದ 'ಎಂಪಿ3ಟ್ಯಾಗ್' ನಮ್ಮ ಮಟ್ಟಿಗೆ ಇವುಗಳಲ್ಲಿ ಮೊದಲನೆಯದು. ನೋಡಲು ಹಳೆಯ ಆಫೀಸಿನ ರಿಜಿಸ್ಟರಿನಂತಿದೆ, ಯಾವ ಥಳುಕೂ ಇಲ್ಲ. ಎಡಗಡೆ ಕಾಲಂಗಳು, ಬಲಗಡೆ ಫೈಲುಗಳ ಸಾಲು. ನೂರು ಫೈಲುಗಳನ್ನು ಒಟ್ಟಿಗೆ ಆರಿಸಿ, 'ಎಲ್ಲ ರಫಿಗಳನ್ನೂ ಈ ರಫಿಯನ್ನಾಗಿ ಮಾಡು' ಎಂದರೆ ಮಾಡುತ್ತದೆ. ಫೈಲಿನ ಹೆಸರಿನಿಂದ ಟ್ಯಾಗು, ಟ್ಯಾಗಿನಿಂದ ಫೈಲಿನ ಹೆಸರು ಎರಡೂ ದಾರಿ ಇವೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರಲ್ಲಿ ಇಲ್ಲದ ಕಾಲಂ ಬೇಕೆಂದರೆ ನೀವೇ ಹುಟ್ಟಿಸಿಕೊಳ್ಳಬಹುದು. ಕವಿ, ರಾಗ, ತಾಳ, ತಬಲಾ ಸಾಥ್, ಗುರು. ಪೀಟರ್ ಪಾವ್ಲೋವ್ಸ್ಕಿ ಅವರ ಫೂಬಾರ್2000 ಎಂಬ ಪ್ಲೇಯರ್ (2002) ಹೀಗೆ ಹುಟ್ಟಿಸಿದ ಕಾಲಂಗಳನ್ನು ಮರ್ಯಾದೆಯಿಂದ ತೋರಿಸುತ್ತದೆ, ಅವುಗಳ ಪ್ರಕಾರ ಜೋಡಿಸುತ್ತದೆ, ಯುಗಳಗೀತೆಯನ್ನು ಇಬ್ಬರ ಹೆಸರಿನಡಿಯಲ್ಲೂ ಇಡಬಲ್ಲದು. ಬಳಸಲು ಸ್ವಲ್ಪ ತಲೆನೋವು ಎಂಬುದು ನಿಜ. ಮೊದಲ ವಾರ ಬೈದುಕೊಳ್ಳುವವರೇ ಹೆಚ್ಚು.

ಗುರುವಿನ ಕಾಲಂ ಯಾಕೆ ಎಂದರೆ ಧಾರವಾಡದ ಕಡೆ ನೋಡಬೇಕು. ಮಲ್ಲಿಕಾರ್ಜುನ ಮನ್ಸೂರರಿಗೆ ಹೇಳಿಕೊಟ್ಟವರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ್ ಮತ್ತು ಬುರ್ಜಿಖಾನ್. ಗಂಗೂಬಾಯಿ ಹಾನಗಲ್ಲರಿಗೆ ಸವಾಯಿ ಗಂಧರ್ವರು, ಸವಾಯಿ ಗಂಧರ್ವರಿಗೆ ಅಬ್ದುಲ್ ಕರೀಂ ಖಾನ್. ಕಲಾವಿದ ಎಂಬ ಒಂದೇ ಕಾಲಂನಲ್ಲಿ ಈ ಬಳ್ಳಿ ಮಧ್ಯದಲ್ಲಿ ಕತ್ತರಿಸಿದಂತೆ ನಿಲ್ಲುತ್ತದೆ. ಅದೇ ರೀತಿ 'ಸನಾದಿ ಅಪ್ಪಣ್ಣ' (1977) ಚಿತ್ರದ ಹಾಡುಗಳ ಫೈಲುಗಳನ್ನು ತೆರೆದರೆ ಎಸ್. ಜಾನಕಿ ಇರಬಹುದು, ಜಿ.ಕೆ. ವೆಂಕಟೇಶ್ ಇರಬಹುದು. ಶಹನಾಯಿ ನುಡಿಸಿದ ಉಸ್ತಾದ್ ಬಿಸ್ಮಿಲ್ಲಾ ಖಾನರಿಗೆ ಕಾಲಂ ಎಲ್ಲಿದೆ? ಆ ಚಿತ್ರದ ಉಸಿರೇ ಆ ಶಹನಾಯಿ.

ಇದಕ್ಕೆಲ್ಲ ಹೆಚ್ಚು ಸಮರ್ಪಕ ಉತ್ತರ ಹುಡುಕಿದ್ದು ಮ್ಯೂಸಿಕ್‌ಬ್ರೇನ್ಜ್ ಎಂಬ ಭಂಡಾರ ಮತ್ತು ಅದರ ಟ್ಯಾಗರ್ ಪಿಕಾರ್ಡ್. ಸಿಡಿಡಿಬಿ ಮಾರಾಟವಾದ ಸಿಟ್ಟಿನಲ್ಲೇ ರಾಬರ್ಟ್ ಕೇ ಇದನ್ನು ಶುರು ಮಾಡಿದರು. ಇದರ ಮೂಲ ಮಾಹಿತಿ ಯಾರ ಸೊತ್ತೂ ಅಲ್ಲ, ಯಾರೂ ಇಡಿಯಾಗಿ ಇಳಿಸಿಕೊಳ್ಳಬಹುದು, ಹಾಗಾಗಿ ಬಾವಿಗೆ ಬೇಲಿ ಹಾಕಲು ಬರುವುದಿಲ್ಲ. ಇದರಲ್ಲಿ ಕಲಾವಿದನಿಗೆ ಒಂದು ಗುರುತಿನ ಸಂಖ್ಯೆ, ಅದರ ಕೆಳಗೆ ಎಷ್ಟು ಕಾಗುಣಿತ ಬೇಕಾದರೂ. ಮೂವರು ರಫಿಗಳಿಗೂ ಅಫಿಡವಿಟ್ ಇಲ್ಲದೆ ಒಂದೇ ಮನೆ! ಕೃತಿ ಬೇರೆ, ಅದರ ಧ್ವನಿಮುದ್ರಣ ಬೇರೆ, ಅದು ಬಂದ ಸಿಡಿ ಬೇರೆ ಎಂದು ಇದು ಬಿಡಿಸಿಡುತ್ತದೆ. ಕವಿಯನ್ನು ಕೃತಿಗೆ, ಶಹನಾಯಿಯನ್ನು ಧ್ವನಿಮುದ್ರಣಕ್ಕೆ, ಗುರುವನ್ನು ಶಿಷ್ಯನಿಗೆ ಜೋಡಿಸಬಹುದು. 2011ರಿಂದ ಕೆಲವು ವರ್ಷ ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಕ್ಸಾವಿಯೆರ್ ಸೆರಾ ನಡೆಸಿದ ಕಾಂಪ್‌ಮ್ಯೂಸಿಕ್ ಎಂಬ ಯೋಜನೆ ಹಿಂದೂಸ್ತಾನಿ, ಕರ್ನಾಟಕಿ, ತುರ್ಕಿಯ ಮಕಾಮ್, ಅರಬ್-ಆಂದಲೂಸಿ, ಬೀಜಿಂಗ್ ಆಪೆರಾ ಈ ಐದು ಸಂಗೀತಗಳ ಮಾಹಿತಿಯನ್ನು ಮ್ಯೂಸಿಕ್‌ಬ್ರೇನ್ಜ್‌ಗೆ ತುಂಬಿತು. ಅದರ ಫಲವಾಗಿ ರಾಗ, ತಾಳ, ಮಕಾಮ್‌ಗಳಿಗೆ ಅಲ್ಲಿ ಅಧಿಕೃತ ಜಾಗ ಸಿಕ್ಕಿತು. 'ಎಥ್ನಿಕ್' ಚಾಪೆಯಿಂದ ಎದ್ದು ಕುರ್ಚಿಗೆ ಬರಲು ಹದಿನೈದು ವರ್ಷ ಹಿಡಿಯಿತು ಎನ್ನಿ. ಪಿಕಾರ್ಡ್‌ನ ದೋಷವೂ ಇದೆ. ಭಂಡಾರದಲ್ಲಿ ಯಾರೂ ಬರೆದಿಲ್ಲದ ಹಾಡು ಅದಕ್ಕೆ ಗೊತ್ತಿರುವುದಿಲ್ಲ, ಸಣ್ಣ ಕಂಪನಿಗಳ ಹಳೆಯ ಕನ್ನಡ ಕ್ಯಾಸೆಟ್ಟುಗಳು ಹೆಚ್ಚಾಗಿ ಈ ಗುಂಪಿಗೇ ಸೇರುತ್ತವೆ. ಕನ್ನಡಿಗರು ಕೂತು ಬರೆಯದೆ ಅದು ತುಂಬುವುದಿಲ್ಲ.

ಬರೆಯುವುದಾದರೆ ಯಾವ ಲಿಪಿಯಲ್ಲಿ? ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಹೆಸರು ಪ್ಲೇಯರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿದ್ದ ಕಾಲವಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ (2001) ತುಂಗಾ ಫಾಂಟಿನೊಡನೆ ಯೂನಿಕೋಡ್ ಕನ್ನಡ ಬಂತಾದರೂ ಅಷ್ಟರಲ್ಲಿ ನಮ್ಮವರಿಗೆ ಕನ್ನಡ ಹಾಡನ್ನು ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಗಟ್ಟಿಯಾಗಿತ್ತು. ಇಂದಿಗೂ ಬಹುಪಾಲು ಕಪಾಟುಗಳಲ್ಲಿ ಬೇಂದ್ರೆ ಇಂಗ್ಲಿಷ್ ಅಕ್ಷರದಲ್ಲೇ ಇದ್ದಾರೆ. ಇದಕ್ಕೆ ತಂತ್ರಾಂಶವನ್ನು ದೂರಿ ಪ್ರಯೋಜನವಿಲ್ಲ. ಎಂಪಿ3ಟ್ಯಾಗ್, ಪಿಕಾರ್ಡ್ ಎರಡೂ ಕನ್ನಡ ಅಕ್ಷರಗಳನ್ನು ತಕರಾರಿಲ್ಲದೆ ಬರೆಯುತ್ತವೆ.

ಈಗ ಕಾಲ ಮತ್ತೆ ಹೊರಳಿದೆ. 2019ರಲ್ಲಿ ಆಪಲ್ ಮ್ಯಾಕ್ ಯಂತ್ರಗಳಲ್ಲಿ ಐಟ್ಯೂನ್ಸನ್ನು ಒಡೆದು ಸಂಗೀತ, ಪಾಡ್‌ಕಾಸ್ಟ್, ಟಿವಿ ಎಂದು ಪಾಲು ಮಾಡಿತು. ಕಪಾಟಿನ ಪಟ್ಟಿಯನ್ನು ಹೊರಗಿನ ತಂತ್ರಾಂಶಗಳು ಓದಲೆಂದು ತಾನಾಗಿ ಬರೆದಿಡುತ್ತಿದ್ದ ಕಡತವೂ ಆಗಲೇ ನಿಂತಿತು, ಬೇಕಾದವರು ಕೇಳಿ ಪಡೆಯಬೇಕು. ಸಿಡಿಡಿಬಿಯ ಉಚಿತ ಪ್ರತಿರೂಪವಾಗಿ ಎದ್ದು ನಿಂತಿದ್ದ ಫ್ರೀಡಿಬಿ 2020ರಲ್ಲಿ ಬಾಗಿಲು ಹಾಕಿತು. ಹೊಸ ತಲೆಮಾರಿನವರಿಗೆ ಕಪಾಟೇ ಇಲ್ಲ, ಸ್ಟ್ರೀಮಿಂಗ್ ಕಂಪನಿಗಳ ಕಪಾಟಿನಿಂದ ಕೇಳಿ ಮುಗಿಸುತ್ತಾರೆ. ಅಲ್ಲಿ ಕವಿಯ ಹೆಸರು ತಪ್ಪಿದ್ದರೆ ಕೇಳುಗ ತಿದ್ದುವ ಹಾಗಿಲ್ಲ. ಡಗ್ ಆಡಮ್ಸ್ ಅವರ ಸುತ್ತಿಗೆ, ಇಕ್ಕಳಗಳು ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲಾರವು. ಕಂಪನಿಯವರು ಹೆಸರು ಹಾಕುವುದಿಲ್ಲವೆಂದಲ್ಲ, ಕೆಲವು ಕಡೆ ಎರಡು ಮೂರು ಸಲ ಒತ್ತಿದರೆ ಬರೆದವರು, ಸಂಗೀತ ಎಂದು ಕಾಣುತ್ತದೆ. ಅದನ್ನು ತುಂಬುವವರು ಹಾಡಿನ ಹಕ್ಕಿರುವ ಕಂಪನಿಗಳು. ಅವರು ಬಿಟ್ಟರೆ ಬಿಟ್ಟಂತೆ.

ಅದಕ್ಕೇ ಹಳೆಯ ಸಿಡಿ, ಕ್ಯಾಸೆಟ್ಟುಗಳಿಂದ ಇಳಿಸಿದ ಫೈಲುಗಳು ಇನ್ನೂ ಹಾರ್ಡ್ ಡಿಸ್ಕಿನಲ್ಲಿ ಉಳಿದಿರುವವರಿಗೆ ನಾವು ಹೇಳುವುದು ಇಷ್ಟು. ಮೊದಲು ಒಂದು ಪ್ರತಿ ತೆಗೆದು ಬೇರೆ ಕಡೆ ಇಡಿ. ಒಂದೇ ಗುಂಡಿಯ ಸಲಕರಣೆಗಳಿಗೆ ಇಡೀ ಕಪಾಟನ್ನು ಒಪ್ಪಿಸಬೇಡಿ. ಕ್ಯಾಸೆಟ್ಟಿನ ಹೊದಿಕೆ ಅಟ್ಟದ ಮೇಲಿದ್ದರೆ ಇಳಿಸಿ, ಎದುರಿಗಿಟ್ಟುಕೊಂಡು ಸಂಜೆಗೆ ಹತ್ತು ಹಾಡಿನಂತೆ ತುಂಬಿ. ಗೀತರಚನೆಕಾರನ ಕಾಲಂ ಐಟ್ಯೂನ್ಸಿನಲ್ಲಿ ಕಾಣದಿದ್ದರೂ ಎಂಪಿ3ಟ್ಯಾಗ್ ಅದನ್ನು ಫೈಲಿನೊಳಗೆ ಬರೆದಿಡುತ್ತದೆ. ನಾಳೆ ಆ ಫೈಲನ್ನು ಮಗಳ ಕಂಪ್ಯೂಟರಿಗೆ ಹಾಕಿ ಫೂಬಾರ್‌ನಲ್ಲಿ ತೆರೆದರೆ 'ನಿತ್ಯೋತ್ಸವ'ದ ಎದುರು ನಿಸಾರ್ ಅಹಮದ್ ಎಂದು ಕನ್ನಡದಲ್ಲೇ ಕಾಣಿಸುತ್ತದೆ.